ನಿಲ್ಲುವ ವಿದ್ಯೆ

ಆರರಿಂದ ಎಂಟನೆಯ ತರಗತಿಯವರೆಗಿನ ಮಕ್ಕಳ ವೇಳಾಪಟ್ಟಿಯಲ್ಲಿ ‘ದೈ.ಶಿ.’ (ದೈಹಿಕ ಶಿಕ್ಷಣ) ಎಂಬ ಎರಡಕ್ಷರವಾಗಿಯೂ ಅವರ ಬಾಯಲ್ಲಿ ‘ಆಟದ ಪಿರಿಯಡ್’ ಆಗಿಯೂ ಸಲ್ಲುವ ಸುಮಾರು 40 ನಿಮಿಷಗಳ ಅವಧಿಯನ್ನು ಶಾಸ್ತ್ರೀಯವಾಗಿ ನಿರೂಪಿಸುವುದಾದರೆ, ಓಡುವುದನ್ನು ತಾನಾಗಿಯೇ ಕಲಿತು ಬಂದ ಜೀವಿಗೆ ನಿಲ್ಲುವುದನ್ನು ಕಲಿಸಲು ಸಮಾಜವು ಮಾಡಿಕೊಂಡಿರುವ ಏರ್ಪಾಡು ಎನ್ನಬೇಕಾಗುತ್ತದೆ. ಬೀದರ ನಗರದ ಅಂಚಿನ ನೌಬಾದದಲ್ಲಾಗಲಿ, ಅದರಾಚೆಯ ಭಾಲ್ಕಿ, ಔರಾದ ತಾಲ್ಲೂಕುಗಳ ಹಳ್ಳಿಗಳಲ್ಲಾಗಲಿ, ಹನ್ನೊಂದು ಹನ್ನೆರಡರ ಮಗುವಿಗೆ ಓಟವನ್ನು ಯಾರಾದರೂ ಹೇಳಿಕೊಟ್ಟ ದಾಖಲೆಯಿಲ್ಲ. ಪ್ರಾರ್ಥನೆಯ ಗಂಟೆ ಬಾರಿಸಿದ ಮೇಲೆ ಗೇಟು ಮುಚ್ಚುವುದರೊಳಗೆ ನುಸುಳಲು, ಬಿಸಿಯೂಟದ ತಟ್ಟೆ ಹಿಡಿದು ಮುಂದಿನ ಜಾಗ ಗಿಟ್ಟಿಸಲು, ಮನೆಯಲ್ಲಿ ಪುಸ್ತಕ ತೆಗೆಸುವ ಅಕ್ಕನ ಕೈಗೆ ಸಿಗದಿರಲು ಬೇಕಾದಷ್ಟು ವೇಗ ಅದರಲ್ಲಿ ಮೊದಲೇ ಇರುತ್ತದೆ. ಇಲ್ಲದಿರುವುದು, ಮುಂದಿನವನ ಕತ್ತಿನ ಮೇಲೆ ದೃಷ್ಟಿ ನೆಟ್ಟು, ಪಕ್ಕದವನನ್ನು ಚಿವುಟದೆ, ಎರಡು ನಿಮಿಷ ನೆಟ್ಟಗೆ ನಿಲ್ಲುವ ಸಾಮರ್ಥ್ಯ. ಆದ್ದರಿಂದ ಅವಧಿಯ ಬಹುಭಾಗವು ಈ ಕೊರತೆಯನ್ನು ತುಂಬುವುದಕ್ಕೇ ವೆಚ್ಚವಾಗುತ್ತದೆ.

ಈ ವಿದ್ಯೆಯ ಮೂಲ ದೂರದ್ದು. ನೆಪೋಲಿಯನ್ನನಿಂದ 1806ರಲ್ಲಿ ಸೋಲುಂಡ ಪ್ರಷ್ಯದ ಅವಮಾನವನ್ನು ಹುಡುಗರ ತೋಳ್ಬಲದಿಂದ ತೊಳೆಯಬೇಕೆಂದು ಹೊರಟ ಫ್ರೀಡ್ರಿಶ್ ಲುಡ್ವಿಗ್ ಯಾನ್ ಎಂಬ ಶಿಕ್ಷಕರು 1811ರಲ್ಲಿ ಬರ್ಲಿನ್ನಿನ ಹಾಸೆನ್‌ಹೈಡೆ ಬಯಲಿನಲ್ಲಿ ವ್ಯಾಯಾಮದ ಅಂಗಳ ತೆರೆದರು. ಅದಾದ ಎರಡು ವರ್ಷಕ್ಕೆ ಪೇರ್ ಹೆನ್ರಿಕ್ ಲಿಂಗ್ ಎಂಬವರು ಸ್ಟಾಕ್‌ಹೋಮಿನಲ್ಲಿ ವ್ಯಾಯಾಮದ ಕೇಂದ್ರ ಸಂಸ್ಥೆಯೊಂದನ್ನು ಕಟ್ಟಿ, ಒಬ್ಬರ ಆಜ್ಞೆಗೆ ಹಲವರು ಒಟ್ಟಿಗೆ ಕೈ ಎತ್ತಿ ಕೈ ಇಳಿಸುವ ಕ್ರಮವನ್ನು ರೂಢಿಗೆ ತಂದರು. ಚೆಂಡನ್ನಾಗಲಿ ಬಲೆಯನ್ನಾಗಲಿ ಕೊಳ್ಳುವ ಅಗತ್ಯವೇ ಇಲ್ಲದ ಈ ಪದ್ಧತಿಯು ಶಾಲೆಗಳ ಆಡಳಿತಕ್ಕೆ ಹಿಡಿಸಿದ್ದರಲ್ಲಿ ಆಶ್ಚರ್ಯವಿಲ್ಲ. ‘ಸ್ವೀಡಿಷ್ ಡ್ರಿಲ್’ ಎಂಬ ಹೆಸರಿನಿಂದ ಅದು ಇಂಗ್ಲೆಂಡಿನ ಶಾಲೆಗಳನ್ನು ಹೊಕ್ಕು, ಅಲ್ಲಿಂದ ಹಡಗು ಹತ್ತಿತು. ಮದರಾಸಿನಲ್ಲಿ 1920ರಲ್ಲಿ ವೈ.ಎಂ.ಸಿ.ಎ. ಪರವಾಗಿ ಹ್ಯಾರಿ ಕ್ರೋ ಬಕ್ ಎಂಬ ಅಮೆರಿಕನ್ನರು ದೈಹಿಕ ಶಿಕ್ಷಕರಿಗೆಂದೇ ತರಬೇತಿ ಶಾಲೆ ತೆರೆದ ಮೇಲೆ, ದಕ್ಷಿಣ ಭಾರತದಲ್ಲಿ ಕೊರಳಿಗೆ ಸೀಟಿ ಕಟ್ಟಿಕೊಂಡವರ ಒಂದು ವೃತ್ತಿಯೇ ನೆಲೆಗೊಂಡಿತು. ಬೀದರ ಆ ಹೊತ್ತಿಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಅಲ್ಲಿ ಕೆಳಗಿನ ಶಾಲೆಗೆ ತಹತಾನಿಯಾ, ನಡುವಿನದಕ್ಕೆ ವಸ್ತಾನಿಯಾ, ಮೇಲಿನದಕ್ಕೆ ಫೌಖಾನಿಯಾ ಎಂಬ ಹೆಸರುಗಳಿದ್ದವು. ಈ ಮೂರರಲ್ಲಿ ಮಕ್ಕಳ ಕಾಲು ಅತಿ ಚುರುಕಾಗಿರುವುದು ವಸ್ತಾನಿಯಾದಲ್ಲಿ ಎಂಬುದು ಯಾವ ರಾಜ್ಯ ಬಂದರೂ ಹೋದರೂ ಬದಲಾಗದ ಸಂಗತಿಯಾಗಿದೆ.

ಈ ಡ್ರಿಲ್ಲಿನ ಜೊತೆಗೆ ಜಿಲ್ಲೆಯ ಪಶ್ಚಿಮದ ಗಡಿಯಾಚೆಯಿಂದ ಬಂದದ್ದು ಲೇಜಿಮ್. ಮರದ ಹಿಡಿಗೆ ಸರಪಳಿಯನ್ನೂ ಸಣ್ಣ ಲೋಹದ ಬಿಲ್ಲೆಗಳನ್ನೂ ಕಟ್ಟಿದ, ಕುಣಿಸಿದರೆ ಝಲ್ಲೆನ್ನುವ ಈ ಸಾಧನವನ್ನು ಹಲಗೆಯ ಬಡಿತಕ್ಕೆ ಸರಿಯಾಗಿ ಎಲ್ಲರೂ ಒಂದೇ ಸಲ ಝಲ್ಲೆನಿಸಬೇಕೆಂಬುದು ನಿಯಮ. ಮೂವತ್ತು ಜನ ಮಕ್ಕಳ ಕೈಗೆ ಕೊಟ್ಟರೆ ಅದು ಮೂವತ್ತು ಸಲ ಝಲ್ಲೆನ್ನುತ್ತದೆ.

ಸಾಲಿಗೆ ಬೇಕಾದ ಆಜ್ಞೆಗಳು ಕನ್ನಡ ಮಾಧ್ಯಮ, ಉರ್ದು ಮಾಧ್ಯಮ, ಮರಾಠಿ ಮಾಧ್ಯಮವೆಂಬ ಭೇದವಿಲ್ಲದೆ ಹೆಚ್ಚಾಗಿ ಹಿಂದಿಯಲ್ಲಿಯೇ ಇರುತ್ತವೆ. ‘ಸಾವಧಾನ್’ ಎಂದರೆ ಹಿಮ್ಮಡಿ ಕೂಡಿಸಿ ಬಿಗಿಯಾಗಿ ನಿಲ್ಲುವುದು, ‘ವಿಶ್ರಾಮ್’ ಎಂದರೆ ಕಾಲು ಅಗಲಿಸಿ ಕೈಯನ್ನು ಬೆನ್ನಿಗೆ ಕಟ್ಟುವುದು. ಇವೆರಡು ಎಲ್ಲರಿಗೂ ಬರುತ್ತವೆ. ‘ಪೀಛೆ ಮುಡ್’ ಎಂಬ ಆಜ್ಞೆ ಬಿದ್ದೊಡನೆ ಮಾತ್ರ ಸಮಸ್ತ ಸಾಲೂ ಬಲಗಡೆಯಿಂದ ಹಿಂದಕ್ಕೆ ತಿರುಗಬೇಕಾಗಿರುತ್ತದೆ. ಅರ್ಧ ಸಾಲು ತಿರುಗಿ, ಕಾಲು ಸಾಲು ಎಡಕ್ಕೆ ಹೊರಳಿ, ಉಳಿದ ಕಾಲು ಭಾಗವು ಆಜ್ಞೆ ತನಗಲ್ಲವೆಂದು ಅಲ್ಲೇ ನಿಂತಿರುವಾಗ, ಬೆಳಗಿನಿಂದ ಪರಸ್ಪರ ಮಾತು ಬಿಟ್ಟಿದ್ದ ಇಬ್ಬರು ಗೆಳೆಯರು ಮೂಗಿಗೆ ಮೂಗು ಎದುರಾಗಿ ನಗು ತಡೆಯಲಾರದೆ ರಾಜಿಯಾಗುವುದುಂಟು. ಈ ಕವಾಯತಿಗೆ ಅಂಕ ಹಾಕುವ ಪಟ್ಟಿಯಲ್ಲಿ ಇಂಥ ಫಲಕ್ಕೆ ಕಾಲಂ ಇಲ್ಲದಿರುವುದು ದೊಡ್ಡ ಲೋಪವೆಂದೇ ಹೇಳಬೇಕು.

ಸಾಲಿನ ವಿಷಯದಲ್ಲಿ ಬೀದರದ ಮಕ್ಕಳಿಗೆ ಬೇರೆಡೆಯ ಮಕ್ಕಳಿಗಿಲ್ಲದ ಒಂದು ತೊಡಕೂ ಇದೆ. ವಾಯುಪಡೆಯ ‘ಸೂರ್ಯಕಿರಣ’ ಎಂಬ ವೈಮಾನಿಕ ಪ್ರದರ್ಶನ ತಂಡ 1996ರಲ್ಲಿ ಹುಟ್ಟಿದ್ದು ಬೀದರದ ವಾಯುನೆಲೆಯಲ್ಲಿ. ಒಂಬತ್ತು ವಿಮಾನಗಳು ರೆಕ್ಕೆಗೆ ರೆಕ್ಕೆ ತಾಗುವಂತೆ ಹಾರುವುದು ಅದರ ಖ್ಯಾತಿ. ತಲೆಯ ಮೇಲೆ ವಿಮಾನದ ಸದ್ದು ಕೇಳಿದೊಡನೆ ನೆಲದ ಸಾಲಿನಲ್ಲಿರುವ ಕತ್ತುಗಳೆಲ್ಲ ಮೇಲಕ್ಕೆ ಹೋಗುತ್ತವೆ, ಕತ್ತಿನ ಹಿಂದೆ ಕಾಲೂ ಹೋಗುತ್ತದೆ. ಗಂಟೆಗೆ ನೂರಾರು ಕಿಲೋಮೀಟರು ವೇಗದಲ್ಲಿ ಕೆಡದ ಸಾಲನ್ನು ನೋಡುವ ಭರದಲ್ಲಿ, ನಿಂತಲ್ಲೇ ನಿಂತಿರುವ ಸಾಲು ಕೆಡುತ್ತದೆ. ಮಾಸ್ತರರು ಸೀಟಿ ಊದುತ್ತಾರೆ. ಆದರೆ ಅವರ ಕಣ್ಣೂ ಮೇಲೆಯೇ ಇರುವುದರಿಂದ ಯಾರನ್ನು ಗದರಬೇಕೆಂಬುದು ತಿಳಿಯುವುದಿಲ್ಲ.

ನೆಲದ ಬಗ್ಗೆ ಒಂದು ಮಾತು ಅಗತ್ಯ. ಬೀದರದ ಪ್ರಸ್ಥಭೂಮಿ ಜಂಬಿಟ್ಟಿಗೆಯದು. ಒಳಗಿರುವಾಗ ಕಡಿಯಲು ಮೆತ್ತಗಿದ್ದು ಗಾಳಿಗೆ ತೆರೆದುಕೊಂಡ ಮೇಲೆ ಗಟ್ಟಿಯಾಗುವ ಕೆಂಪು ಕಲ್ಲಿದು, ಅದರ ಪುಡಿಯೇ ಊರವರು ಹೇಳುವ ಮುರುಮ್. ಬಹಮನಿ ಸುಲ್ತಾನರ ಕಾಲದಲ್ಲಿ, 15ನೆಯ ಶತಮಾನದಲ್ಲಿ, ಇದೇ ಕಲ್ಲನ್ನು ಕೊರೆದು ನೌಬಾದದಲ್ಲಿ ಕರೇಜ್ ನಿರ್ಮಿಸಲಾಯಿತು. ಕರೇಜ್ ಎಂದರೆ ನೆಲದಾಳದ ಸುರಂಗದಲ್ಲಿ ಇಳಿಜಾರನ್ನಷ್ಟೇ ನಂಬಿ ನೀರನ್ನು ದೂರಕ್ಕೆ ಹರಿಸುವ, ನಡುನಡುವೆ ಗಾಳಿಗಾಗಿ ಬಾವಿಯಂಥ ಕಿಂಡಿಗಳಿರುವ ಪರ್ಷಿಯ ಮೂಲದ ವ್ಯವಸ್ಥೆ. ಕಲ್ಲನ್ನು ಮನುಷ್ಯ ಗೆದ್ದ ಈ ಕಥೆಯನ್ನು ಸಮಾಜವಿಜ್ಞಾನದ ತರಗತಿಯಲ್ಲಿ ಹೆಮ್ಮೆಯಿಂದ ಕೇಳಿದ ಮಗು, ಮುಂದಿನ ಪಿರಿಯಡ್ಡಿನಲ್ಲಿ ಕಬಡ್ಡಿಯ ಗೆರೆ ಮುಟ್ಟಲು ಅದೇ ನೆಲದ ಮೇಲೆ ಜಾರಿ, ಕಲ್ಲು ಇನ್ನೂ ಸಂಪೂರ್ಣವಾಗಿ ಸೋತಿಲ್ಲವೆಂಬುದನ್ನು ಮೊಣಕಾಲಿನಿಂದ ತಿಳಿದುಕೊಳ್ಳುತ್ತದೆ. ಕಬಡ್ಡಿ 1936ರ ಬರ್ಲಿನ್ ಒಲಿಂಪಿಕ್ಸ್ ಸಂದರ್ಭದಲ್ಲಿ ಅಮರಾವತಿಯ ಹನುಮಾನ್ ವ್ಯಾಯಾಮ ಪ್ರಸಾರಕ ಮಂಡಳದವರಿಂದ ಜಗತ್ತಿಗೆ ಪ್ರದರ್ಶಿತವಾದ ಆಟ. ಅಲ್ಲಿನ ನೆಲ ಮುರುಮ್‌ನದಾಗಿರಲಿಲ್ಲವೆಂಬುದನ್ನು ಗಮನಿಸಬೇಕು.

ಇನ್ನು ಕಾನೂನು. ಶಿಕ್ಷಣ ಹಕ್ಕು ಕಾಯ್ದೆ, 2009, ತನ್ನ ಅನುಸೂಚಿಯಲ್ಲಿ ಶಾಲೆಗೆ ಆಟದ ಮೈದಾನವಿರಬೇಕೆಂದೂ, ನೂರಕ್ಕಿಂತ ಹೆಚ್ಚು ಮಕ್ಕಳಿದ್ದಲ್ಲಿ ಆರರಿಂದ ಎಂಟನೆಯ ತರಗತಿಗಳಿಗೆ ಆರೋಗ್ಯ ಮತ್ತು ದೈಹಿಕ ಶಿಕ್ಷಣದ ಅರೆಕಾಲಿಕ ಬೋಧಕರಿರಬೇಕೆಂದೂ ಹೇಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷಗಳ ಚುರುಕಾದ ಚಟುವಟಿಕೆ ಬೇಕು. ಶಾಲೆಯ 40 ನಿಮಿಷದ ಅವಧಿಯಿಂದ ಸಾಲು ಮಾಡಿಸಿದ್ದು, ಕೆಟ್ಟ ಸಾಲನ್ನು ಮತ್ತೆ ಮಾಡಿಸಿದ್ದು, ಹಾಜರಿ ಕೂಗಿದ್ದು, ಆಟದ ಸಾಮಾನಿನ ಕೋಣೆಯ ಬೀಗದ ಕೈ ಹುಡುಕಿದ್ದು, ಹೊರಬಂದ ವಾಲಿಬಾಲಿನಲ್ಲಿ ಗಾಳಿಯಿಲ್ಲವೆಂದು ತಿಳಿದು ಪಂಪಿಗಾಗಿ ಪಕ್ಕದ ಸೈಕಲ್ ಅಂಗಡಿಗೆ ಒಬ್ಬನನ್ನು ಓಡಿಸಿದ್ದು, ಇಷ್ಟನ್ನು ಕಳೆದರೆ ಉಳಿಯುವುದೆಷ್ಟು ಎಂಬುದನ್ನು ಯಾವ ಸಂಸ್ಥೆಯೂ ಲೆಕ್ಕ ಹಾಕಿದಂತಿಲ್ಲ. ಆ ದಿನ ನಿಜವಾದ ವ್ಯಾಯಾಮವಾದದ್ದು ಸೈಕಲ್ ಅಂಗಡಿಗೆ ಓಡಿದವನಿಗೆ ಮಾತ್ರ ಎಂಬುದನ್ನು ಒಪ್ಪಲೇಬೇಕಾಗುತ್ತದೆ.

ಆದರೆ ಈ ಲೆಕ್ಕವು ಪಿರಿಯಡ್ ನಡೆದ ದಿನಗಳಿಗೆ ಸಂಬಂಧಿಸಿದ್ದು. ಶಾಲೆಯ ಅರ್ಥಶಾಸ್ತ್ರದಲ್ಲಿ ದೈಹಿಕ ಶಿಕ್ಷಣದ ಅವಧಿಯು ಕೈಗಡದ ನಿಧಿಯಂತಿದ್ದು, ಪಾಠ ಮುಗಿಯದ ಗಣಿತದವರೂ ಪರೀಕ್ಷೆ ಹತ್ತಿರವಾದ ವಿಜ್ಞಾನದವರೂ ಅದರಿಂದ ಧಾರಾಳವಾಗಿ ಪಡೆಯುತ್ತಾರೆ; ಪಡೆದದ್ದನ್ನು ಹಿಂದಿರುಗಿಸುವ ಸಂಪ್ರದಾಯ ಮಾತ್ರ ಈವರೆಗೆ ಬೆಳೆದಿಲ್ಲ. ‘ಸರ್, ಆಟಕ್ಕ ಬಿಡ್ರಿ’ ಎಂದು ಹಿಂದಿನ ಬೆಂಚಿನಿಂದ ಏಳುವ ಸಾಮೂಹಿಕ ಮನವಿಯು, ‘ಇದೊಂದು ಲೆಕ್ಕ ಮುಗೀಲಿ’ ಎಂಬ ಉತ್ತರವನ್ನು ಪಡೆಯುತ್ತದೆ. ಆ ಲೆಕ್ಕ ಗಂಟೆ ಬಾರಿಸುವವರೆಗೆ ಮುಗಿಯುವುದಿಲ್ಲ. ಹೀಗೆ ಕಳೆದುಹೋದ ಆಟಕ್ಕೂ ವರ್ಷದ ಕೊನೆಯಲ್ಲಿ ಗ್ರೇಡ್ ಬರುತ್ತದೆ, ಅದೂ ಒಳ್ಳೆಯ ಗ್ರೇಡೇ. ಆಡದೆ ಇರುವ ಆಟದಲ್ಲಿ ಯಾರೂ ಸೋತಿರುವುದಿಲ್ಲವಷ್ಟೆ.

ಅಷ್ಟರಲ್ಲಿ ದೈಹಿಕ ಶಿಕ್ಷಕರು ಏನು ಮಾಡುತ್ತಿರುತ್ತಾರೆ ಎಂಬ ಪ್ರಶ್ನೆ ಸಹಜ. ಉತ್ತರಕ್ಕೆ ಮೊದಲು ಒಂದು ಹೋಲಿಕೆ: ಹೈದರಾಬಾದ್ ಸಂಸ್ಥಾನದಲ್ಲಿ ಸೈಯದ್ ಮೊಹಮ್ಮದ್ ಹಾದಿ ಎಂಬ ಆಟಗಾರರಿದ್ದರು. 1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಟೆನಿಸ್ ಆಡಿ, 1934-35ರಲ್ಲಿ ರಣಜಿ ಟ್ರೋಫಿಯ ಮೊಟ್ಟಮೊದಲ ಶತಕ ಹೊಡೆದು, ಒಟ್ಟು ಏಳು ಆಟಗಳಲ್ಲಿ ಪಳಗಿದ್ದರಿಂದ ‘ರೇನ್‌ಬೋ ಹಾದಿ’ ಎಂದು ಹೆಸರಾದವರು. ಇಂದಿನ ಹಿರಿಯ ಪ್ರಾಥಮಿಕ ಶಾಲೆಯ ಪಿ.ಟಿ. ಮಾಸ್ತರರಿಗೆ ಏಳು ಬಣ್ಣ ಸಾಲದು. ಪ್ರಾರ್ಥನೆಯ ಸಾಲು ಅವರದು, ಬಿಸಿಯೂಟದ ಸಾಲು ಅವರದು, ಮಾತ್ರೆ ನುಂಗಿಸುವ ದಿನದ ಸಾಲೂ ಅವರದೇ. ಬಂದ ಅತಿಥಿಗೆ ಹಾರ ತರಿಸುವುದು, ಮೈಕು ಕೈಕೊಟ್ಟಾಗ ಮೈಕಿಲ್ಲದೆ ಮಾತಾಡುವುದು, ಯಾವ ಶಿಕ್ಷಕರು ರಜೆಯಲ್ಲಿದ್ದರೂ ಆ ತರಗತಿಯನ್ನು ‘ಸುಮ್ಮನೆ ಕೂಡಿಸುವುದು’ ಅವರ ಪಾಲಿಗೆ ಬರುತ್ತದೆ. ಓಡಿಸಲು ತರಬೇತಿ ಪಡೆದವರನ್ನು ಕೂಡಿಸಲು ಬಳಸುವ ಈ ಮಿತವ್ಯಯಕ್ಕೆ ಶಿಕ್ಷಣಶಾಸ್ತ್ರದಲ್ಲಿ ಇನ್ನೂ ಹೆಸರು ಸಿಕ್ಕಿಲ್ಲ.

ಅವರಿಗೆ ಮೈದಾನ ನಿಜವಾಗಿ ದಕ್ಕುವುದು ಎರಡು ಸಂದರ್ಭಗಳಲ್ಲಿ. ಒಂದು, ಶನಿವಾರದ ಬೆಳಗಿನ ಶಾಲೆಯ ಸಾಮೂಹಿಕ ಕವಾಯತು. ಇನ್ನೊಂದು, ಪಥಸಂಚಲನದ ಅಭ್ಯಾಸ. ಉಳಿದ ಕರ್ನಾಟಕದ ಮಕ್ಕಳು ಆಗಸ್ಟ್ 15 ಕಳೆದರೆ ನವೆಂಬರ್ 1ರವರೆಗೆ ಕಾಲಿಗೆ ಬಿಡುವು ಪಡೆಯುತ್ತಾರೆ. ಬೀದರದವರಿಗೆ ನಡುವೆ ಸೆಪ್ಟೆಂಬರ್ 17 ಇದೆ. ಹೈದರಾಬಾದ್ ಸಂಸ್ಥಾನವು 1948ರಲ್ಲಿ ಭಾರತಕ್ಕೆ ಸೇರಿದ ಆ ದಿನವನ್ನು ಮೊದಲು ವಿಮೋಚನಾ ದಿನವೆಂದೂ, 2019ರಿಂದ ಕಲ್ಯಾಣ ಕರ್ನಾಟಕ ಉತ್ಸವವೆಂದೂ ಆಚರಿಸುವ ಈ ಭಾಗದ ಮಕ್ಕಳು ಹೀಗೆ ರಾಜ್ಯದ ಉಳಿದ ಮಕ್ಕಳಿಗಿಂತ ಒಂದು ಪಥಸಂಚಲನ ಹೆಚ್ಚು ನಡೆದಿರುತ್ತಾರೆ. ಪ್ರಾದೇಶಿಕ ಅಸಮತೋಲನದ ಚರ್ಚೆಗಳಲ್ಲಿ ಈ ಭಾಗವು ಮುಂದಿರುವ ಕ್ಷೇತ್ರವಾಗಿ ಇದನ್ನು ಯಾರೂ ಉಲ್ಲೇಖಿಸದಿರುವುದು ವಿಚಿತ್ರ.

ಇಷ್ಟೆಲ್ಲದರ ನಡುವೆ ಸಾಲನ್ನೂ ಓಟವನ್ನೂ ರಾಜಿ ಮಾಡಿಸಿದ ಒಂದು ಆಟವಿದೆ. ಅದು ಖೋ ಖೋ. ಎರಡು ಕಂಬಗಳ ನಡುವಿನ ಗೆರೆಯ ಮೇಲೆ ಎಂಟು ಮಂದಿ ಒಬ್ಬರು ಈ ಕಡೆಗೆ, ಮುಂದಿನವರು ಆ ಕಡೆಗೆ ಮುಖ ಮಾಡಿ ಕುಕ್ಕರುಗಾಲಿನಲ್ಲಿ ಕುಳಿತಿರುತ್ತಾರೆ, ಒಂಬತ್ತನೆಯವರು ಎದುರು ತಂಡದವರನ್ನು ಅಟ್ಟಿಸಿಕೊಂಡು ಓಡುತ್ತಾರೆ. ಅಟ್ಟುವವರು ಒಮ್ಮೆ ಹಿಡಿದ ದಿಕ್ಕನ್ನು ಬದಲಿಸುವಂತಿಲ್ಲ, ಸಾಲನ್ನು ನಡುವೆ ದಾಟುವಂತಿಲ್ಲ, ಬೆನ್ನು ಮುಟ್ಟಿ ‘ಖೋ’ ಎಂದಾಗಲೇ ಕುಳಿತವರು ಎದ್ದು ಬೇಟೆಯನ್ನು ಮುಂದುವರಿಸಬೇಕು. ಪುಣೆಯ ಡೆಕ್ಕನ್ ಜಿಮ್ಖಾನಾದಲ್ಲಿ 20ನೆಯ ಶತಮಾನದ ಆರಂಭದಲ್ಲಿ ನಿಯಮಬದ್ಧವಾದ ಈ ಆಟಕ್ಕೆ ಎರಡು ಕಂಬ ಮತ್ತು ಸುಣ್ಣದ ಗೆರೆಯ ಹೊರತು ಬೇರೆ ಬಂಡವಾಳ ಬೇಡ. ಪ್ರಾರ್ಥನೆಯ ಸಾಲಿನಲ್ಲಿ ಎರಡು ನಿಮಿಷ ನಿಲ್ಲಲಾರದ ಹುಡುಗಿಯು ಖೋ ಖೋ ಸಾಲಿನಲ್ಲಿ ಉಸಿರು ಬಿಗಿಹಿಡಿದು, ಹಿಮ್ಮಡಿ ಎತ್ತಿ, ಬೆನ್ನ ಹಿಂದಿನ ಹೆಜ್ಜೆ ಸದ್ದಿಗೆ ಕಿವಿಕೊಟ್ಟು ಕೂರುವುದನ್ನು ಕಂಡವರಿಗೆ, ಸಾಲು ಕೆಡುತ್ತಿದ್ದುದು ಮಕ್ಕಳಿಂದಲ್ಲವೆಂಬ ಸಂಶಯ ಹುಟ್ಟದಿರದು. ಎದ್ದೋಡುವ ಭರವಸೆಯಿದ್ದರೆ ಮಕ್ಕಳು ಎಷ್ಟು ಹೊತ್ತು ಬೇಕಾದರೂ ಕೂರುತ್ತಾರೆ. ಲಿಂಗ್ ಅವರಿಗೆ ಇದು ಹೊಳೆದಿರಲಿಲ್ಲ. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ ಖೋ ವಿಶ್ವಕಪ್‌ನಲ್ಲಿ ಭಾರತದ ಪುರುಷರೂ ಮಹಿಳೆಯರೂ ನೇಪಾಳವನ್ನು ಸೋಲಿಸಿ ಗೆದ್ದರು. ಗೆದ್ದ ಮಹಿಳಾ ತಂಡದಲ್ಲಿ ಮೈಸೂರು ಜಿಲ್ಲೆಯ ಕುರುಬೂರಿನ ಚೈತ್ರಾ ಇದ್ದರು. ಅಲ್ಲಿ ಆಡಿದ್ದು ಮ್ಯಾಟಿನ ಮೇಲೆ.

ಶಾಲೆಗಳ ಖೋ ಖೋ ತಂಡ ಕ್ಲಸ್ಟರಿನಲ್ಲಿ ಗೆದ್ದರೆ ತಾಲ್ಲೂಕಿಗೆ, ತಾಲ್ಲೂಕಿನಲ್ಲಿ ಗೆದ್ದರೆ ಜಿಲ್ಲೆಗೆ, ಅಲ್ಲಿಂದ ಕಲಬುರಗಿಯ ವಿಭಾಗ ಮಟ್ಟಕ್ಕೆ ಹೋಗಬೇಕು. ಕ್ಲಸ್ಟರ್ ಎಂದರೆ ಹತ್ತಿರದ ಕೆಲವು ಶಾಲೆಗಳ ಗುಂಪು. ರೂಢಿಯ ನಿಯಮದಂತೆ ತಂಡಕ್ಕೆ ಹನ್ನೆರಡು ಮಂದಿ, ಆದರೆ ನೌಬಾದದಿಂದ ಹೊರಡುವ ತಂಡದ ಗಾತ್ರವನ್ನು ಕೊನೆಗೆ ತೀರ್ಮಾನಿಸುವುದು ಟಂಟಂ. ಈ ಭಾಗದಲ್ಲಿ ಸವಾರಿ ಆಟೊಗಳ ಪೈಕಿ ದೊಡ್ಡದಾದ ಮೂರು ಗಾಲಿಯ ಈ ವಾಹನದಲ್ಲಿ ಎಷ್ಟು ಜನ ಹಿಡಿಯುತ್ತಾರೆ ಎಂಬುದಕ್ಕೆ ಸಾರಿಗೆ ಇಲಾಖೆಯ ಉತ್ತರ ಒಂದು, ಚಾಲಕರ ಉತ್ತರ ಇನ್ನೊಂದು. ಹನ್ನೆರಡು ಮಂದಿ, ಮಾಸ್ತರರು, ಜೊತೆಗೆ ಕಳಿಸಲೇಬೇಕಾದ ಒಬ್ಬ ಶಿಕ್ಷಕಿ, ನೀರಿನ ಕ್ಯಾನು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇವೆಲ್ಲ ಹತ್ತಿದ ಮೇಲೂ ‘ಇನ್ನೂ ಇಬ್ಬರು ಬರ್ಲಿ ಬಿಡ್ರಿ ಸರ್’ ಎಂದು ಚಾಲಕ ಹೇಳುತ್ತಾನೆ. ತಂಡ ಗೆದ್ದು ಬಂದರೆ ಫಲಕದ ಮೇಲೆ ಹೆಸರು ಬರೆಯುತ್ತಾರೆ, ಸೋತು ಬಂದರೆ ಗಣಿತದ ಪಿರಿಯಡ್ಡಿಗೆ ಕೂಡಿಸುತ್ತಾರೆ. ಎರಡರಲ್ಲಿ ಯಾವುದಾದರೂ ಟಂಟಂ ಬಾಡಿಗೆಯನ್ನು ಯಾವ ಖಾತೆಗೆ ಬರೆಯಬೇಕೆಂಬ ಪ್ರಶ್ನೆ ಉಳಿದೇ ಇರುತ್ತದೆ, ಮತ್ತು ಬಹಳ ಚರ್ಚೆಯ ತರುವಾಯ ಅದು ವೆಚ್ಚದ ಪುಸ್ತಕದಲ್ಲಿ ‘ಕ್ರೀಡಾ ಸಾಮಗ್ರಿ’ ಎಂಬ ತಲೆಬರಹದ ಕೆಳಗೆ, ಎರಡು ವಾಲಿಬಾಲು ಮತ್ತು ಒಂದು ಪಂಪಿನ ನಂತರ, ಜಾಗ ಪಡೆಯುತ್ತದೆ.