ಹಾಲಂಡ ಶೇನ್ ಯಾವ ಮನೆಯ ಹುಡುಗ?

ಕೊಡಗಿನ ಯಾವ ಹಾಕಿ ಮೈದಾನಕ್ಕೆ ಹೋದರೂ ಗ್ಯಾಲರಿಯಲ್ಲಿ ಇವರೊಬ್ಬರು ಇದ್ದೇ ಇರುತ್ತಾರೆ. ಪಟ್ಟಾಳದಿಂದ ನಿವೃತ್ತರಾದದ್ದು ಸುಬೇದಾರರಾಗಿ. ಊರು ಕರೆಯುವುದು ಕರ್ನಲ್ ಎಂದು. ಬಡ್ತಿ ಕೊಟ್ಟದ್ದು ಊರಾದ್ದರಿಂದ ಅವರೂ ತಿದ್ದಲು ಹೋಗಿಲ್ಲ. ಬಿಳಿ ಮೀಸೆ, ತಲೆಗೆ ಟೋಪಿ, ಕೈಯಲ್ಲೊಂದು ಹಳೆಯ ಹಾಕಿ ಸ್ಟಿಕ್. ಅದು ಆಡುವುದಕ್ಕಲ್ಲ, ತಪ್ಪು ತೋರಿಸುವುದಕ್ಕೆ. ಅಂಪೈರ್ ಸೀಟಿ ಬಾಯಿಗಿಡುವ ಮೊದಲೇ ಇವರ ತೀರ್ಪು ಹೊರಬಿದ್ದಿರುತ್ತದೆ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ 60 ಕೊಡವ ಕುಟುಂಬಗಳನ್ನು ಸೇರಿಸಿ ಕೌಟುಂಬಿಕ ಹಾಕಿಯ ಮೊದಲ ಕಪ್ ಆಡಿಸಿದಾಗ ಇವರು ಅಲ್ಲಿದ್ದರು. 2024ರಲ್ಲಿ ನಾಪೋಕ್ಲುವಿನ ಕುಂಡ್ಯೋಳಂಡ ಕಪ್‌ಗೆ 360 ತಂಡ ಬಂದಾಗಲೂ ಇದ್ದರು, ಮರುವರ್ಷ ಮಡಿಕೇರಿಯ ಮುದ್ದಂಡ ಕಪ್‌ಗೆ 396 ತಂಡ ಬಂದಾಗಲೂ ಇದ್ದರು. ಅಷ್ಟೂ ವರ್ಷಕ್ಕೆ ಸೇರಿ ಅವರ ವರದಿ ಒಂದೇ: "ಈಗಿನವರಿಗೆ ಟ್ರ್ಯಾಪ್ ಮಾಡೋಕೇ ಬರಲ್ಲ."

ಇಂಥವರ ಕೈಗೆ ರೇಚಲ್ ರೀಡ್ ಬರೆದ 'ಹೀಟೆಡ್ ರೈವಲ್ರಿ' ಸಿಕ್ಕಿತು. ಬೆಂಗಳೂರಿನಿಂದ ರಜೆಗೆ ಬಂದ ಮೊಮ್ಮಗಳು ಜಗಲಿಯಲ್ಲಿ ಬಿಟ್ಟುಹೋಗಿದ್ದಳು. ಹಾಕಿಯ ಪುಸ್ತಕ ಅಂದಮೇಲೆ ಕೇಳುವುದೇನು, ಎತ್ತಿಕೊಂಡರು. 2019ರ ಕಾದಂಬರಿ ಅದು. 2025ರ ಕೊನೆಗೆ ಕೆನಡಾದಲ್ಲಿ ಟೀವಿ ಸರಣಿಯಾದ ಮೇಲೆ ದೇಶದೇಶಗಳಲ್ಲಿ ಹೆಸರಾಯಿತು. ಎದುರಾಳಿ ತಂಡಗಳ ಇಬ್ಬರು ಐಸ್ ಹಾಕಿ ತಾರೆಗಳು, ಮಾಂಟ್ರಿಯಲ್‌ನ ಶೇನ್ ಹಾಲಂಡರ್ ಮತ್ತು ಬಾಸ್ಟನ್‌ಗೆ ಆಡುವ ರಷ್ಯದ ಇಲ್ಯಾ ರೋಜಾನವ್, ಹಾಡುಹಗಲೇ ಗುದ್ದಾಡಿ ರಾತ್ರಿ ಗುಟ್ಟಾಗಿ ಪ್ರೀತಿಸುತ್ತಾರೆ. ವಿಷಯ ಗೊತ್ತಿದ್ದ ಮೊಮ್ಮಗಳು ಉಸಿರು ಬಿಗಿಹಿಡಿದು ಕಾದಳು.

ಕಣದಲ್ಲಿ ಕಾಫಿ ಒಣಗುತ್ತಿದ್ದ ಕಾಲ. ಕರ್ನಲ್ ಪಕ್ಕದಲ್ಲೇ ಕುರ್ಚಿ ಹಾಕಿ ಕೂತಿದ್ದರು. ಗುಡುಗಿದ್ದೇನೋ ನಿಜ, ಆದರೆ ಗುಡುಗಿದ್ದು ಬೇರೆ ಕಡೆ. "ಇದೆಂಥ ಹಾಕಿ? ಆರೇ ಜನ! ಬಾಲಿನ ಬದಲು ರಬ್ಬರ್ ಬಿಲ್ಲೆ! ಸ್ಟಿಕ್ಕಿನ ಎರಡೂ ಬದಿಯಲ್ಲಿ ಹೊಡೀಬಹುದಂತೆ! ನಮ್ಮಲ್ಲಿ ಹಸಿರು ಕಾರ್ಡ್ ತೋರಿಸಿದ್ರೆ ಎರಡು ನಿಮಿಷ ಹೊರಗೆ. ಇಲ್ಲಿ ಮುಷ್ಟಿ ಕಟ್ಟಿ ಮುಖಕ್ಕೆ ಗುದ್ದಿದ್ರೂ ಬರೀ ಐದು!" ಇಬ್ಬರು ಗಂಡಸರ ವಿಚಾರಕ್ಕೆ ಇನ್ನೂ ಬಂದಿರಲಿಲ್ಲ. ಗಮನಿಸಿದ್ದರೋ ಇಲ್ಲವೋ ಎಂದು ಮೊಮ್ಮಗಳಿಗೇ ಅನುಮಾನ ಬಂತು.

ಗಮನಿಸಿದ್ದರು. ಆದರೆ ಮೊದಲು ಯಾರ ಕಡೆ ಎನ್ನುವುದು ತೀರ್ಮಾನವಾಗಬೇಕಲ್ಲ. ಮಾಂಟ್ರಿಯಲ್ ಎಂದ ಕೂಡಲೇ ಅವರ ಮುಖ ಕಹಿಯಾಗುತ್ತದೆ. ಒಲಿಂಪಿಕ್ಸ್ ಹಾಕಿ ಮೊದಲ ಬಾರಿ ಹುಲ್ಲು ಬಿಟ್ಟು ಕೃತಕ ಹಾಸಿನ ಮೇಲೆ ನಡೆದದ್ದು 1976ರಲ್ಲಿ, ಅದೇ ಊರಲ್ಲಿ. ನಮ್ಮ ಬಿ.ಪಿ. ಗೋವಿಂದ ಇದ್ದ ತಂಡ ಏಳನೆಯದಾಗಿ ಬಂತು. ಮಾಸ್ಕೋ ಎಂದರೆ 1980ರ ಚಿನ್ನ, ನಮ್ಮ ಎಂ.ಎಂ. ಸೋಮಯ್ಯ. ಹೀಗಾಗಿ ಕರ್ನಲ್ ಕಣ್ಣುಮುಚ್ಚಿ ರೋಜಾನವ್ ಪಾರ್ಟಿ. ಆದರೆ ಇನ್ನೊಂದಿಷ್ಟು ಪುಟ ಕಳೆಯುವಷ್ಟರಲ್ಲಿ ಧರ್ಮಸಂಕಟ ಶುರುವಾಯಿತು. ಹಾಲಂಡರ್ ಎಂಬ ಹೆಸರಲ್ಲಿ ಅವರ ಕಿವಿಗೆ ಕಡೆಯ ಅಕ್ಷರ ಬೀಳಲೇ ಇಲ್ಲ. ಪಾಂಡಂಡ, ಮುದ್ದಂಡ, ಕುಂಡ್ಯೋಳಂಡ, ಹಾಲಂಡ! "ಹಾಲಂಡ ಶೇನ್. ಯಾವ ನಾಡಿನ ಒಕ್ಕವೋ ಕೇಳಿದ ಹಾಗಿದೆ." ಅಲ್ಲಿಂದ ಮುಂದೆ ಆ ಹುಡುಗನ ಬಗ್ಗೆ ಮಾತಾಡುವಾಗ ದನಿ ಮೆತ್ತಗಾಯಿತು.

ಒಕ್ಕದ, ಅಂದರೆ ಮನೆತನದ, ಮಾತು ಬಂದಮೇಲೆ ಉಳಿದದ್ದೆಲ್ಲ ತಾನಾಗಿ ಬಗೆಹರಿಯಿತು. ಮೊಮ್ಮಗಳು, "ಅಜ್ಜ, ಬೇರೆ ಬೇರೆ ಟೀಮಿನವರು ಪ್ರೀತಿಸೋದು ನಿಮಗೆ ವಿಚಿತ್ರ ಅನ್ನಿಸಲ್ವಾ?" ಎಂದರೆ ಅವರಿಗೇ ಆಶ್ಚರ್ಯ. "ಮತ್ತೆ ಒಂದೇ ಟೀಮಿನವರನ್ನ ಪ್ರೀತಿಸೋಕಾಗುತ್ತಾ? ನಮ್ಮ ಕಪ್‌ನಲ್ಲಿ ಒಂದು ಟೀಮು ಅಂದ್ರೆ ಒಂದು ಒಕ್ಕ. ಹನ್ನೊಂದು ಜನಾನೂ ಅಣ್ಣ ತಮ್ಮ, ಚಿಕ್ಕಪ್ಪ ದೊಡ್ಡಪ್ಪನ ಮಕ್ಕಳು. ಸಂಬಂಧ ಬೆಳೆಸೋದಾದ್ರೆ ಎದುರು ಟೀಮಿನ ಜೊತೆಗೇ. ಆ ಮಟ್ಟಿಗೆ ಈ ಹುಡುಗರು ಪದ್ಧತಿ ತಪ್ಪಿಲ್ಲ." ಕೆನಡಾದ ಲೇಖಕಿಗೆ ಇಂಥ ವಿಮರ್ಶೆ ಬೇರೆಲ್ಲೂ ಸಿಕ್ಕಿರಲಾರದು.

ಹೋಟೆಲ್ ಕೋಣೆಯ ಪುಟಗಳಿಗೆ ಕರ್ನಲ್ ಇಟ್ಟ ಹೆಸರು 'ಹಾಫ್ ಟೈಮ್'. ಅವು ಬಂದಾಗ ಪುಸ್ತಕ ಮಗುಚಿಟ್ಟು ಎದ್ದು, ಕಣದ ಕಾಫಿ ಹರವಿ ಬರುತ್ತಿದ್ದರು. ಕಾದಂಬರಿಯಲ್ಲಿ ಹಾಫ್ ಟೈಮ್‌ಗೇನೂ ಕೊರತೆಯಿಲ್ಲ. ಆ ವರ್ಷ ಅವರ ಕಾಫಿಯಷ್ಟು ಹದವಾಗಿ ಊರಲ್ಲಿ ಇನ್ಯಾರದೂ ಒಣಗಲಿಲ್ಲ. ಅಜ್ಜಿಯದು ಬೇರೆ ರೀತಿ. ಗಂಡ ಮಲಗಿದ ಮೇಲೆ ಒಂದು ಪುಟವೂ ಬಿಡದೆ ಓದಿ, ಬೆಳಿಗ್ಗೆ ಅಕ್ಕಿರೊಟ್ಟಿ ತಟ್ಟುತ್ತಾ ಕೇಳಿದ್ದು ಇಷ್ಟೇ: "ಇಬ್ಬರಲ್ಲಿ ಅಡುಗೆ ಯಾರಿಗೆ ಬರುತ್ತೆ?"

ಮೊಮ್ಮಗಳು ನಿಜವಾದ ಆಟಗಾರರ ಸುದ್ದಿಯನ್ನೂ ಹೇಳಿದಳು. ನ್ಯಾಶ್‌ವಿಲ್ ತಂಡ ಆರಿಸಿಕೊಂಡಿದ್ದ ಡಿಫೆಂಡರ್ ಲ್ಯೂಕ್ ಪ್ರೊಕಾಪ್ 2021ರಲ್ಲಿ ತಾನು ಗೇ ಎಂದು ಎಲ್ಲರೆದುರು ಹೇಳಿಕೊಂಡ; ಆಗಿನ್ನೂ ಅವನು ಐಸ್ ಹಾಕಿಯ ದೊಡ್ಡ ಲೀಗ್ ಎನ್‌ಎಚ್‌ಎಲ್‌ನಲ್ಲಿ ಒಂದು ಪಂದ್ಯವನ್ನೂ ಆಡಿರಲಿಲ್ಲ. ಕರ್ನಲ್ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಡಿಫೆಂಡರಾ? ಅದೇ ಮತ್ತೆ. ಧೈರ್ಯ ಇರೋರನ್ನೇ ಹಿಂದೆ ನಿಲ್ಲಿಸೋದು." ಹುರುಪಿನಲ್ಲಿ ಅವಳು ವಸುಧೇಂದ್ರರ 'ಮೋಹನಸ್ವಾಮಿ'ಯನ್ನೂ ತಂದುಕೊಟ್ಟಳು. 2013ರಲ್ಲಿ ಬಂದ, ಇಂಥದೇ ಬದುಕಿನ ಕಥೆಗಳಿರುವ, ಕನ್ನಡದ್ದೇ ಆದ ಪುಸ್ತಕ. ಕರ್ನಲ್ ಹಿಂದೆ ಮುಂದೆ ತಿರುಗಿಸಿ ನೋಡಿ, "ಯಾವ ಪೊಸಿಷನ್ನಲ್ಲಿ ಆಡ್ತಾನೆ ಇವನು?" ಎಂದು ಕೇಳಿ ಮೇಜಿನ ಮೇಲಿಟ್ಟರು. ಕೆನಡಾದಷ್ಟು ದೂರದಲ್ಲಿರುವವರನ್ನು ಒಪ್ಪಿಕೊಳ್ಳುವುದು ಸುಲಭ. ಬಸ್ಸು ಹತ್ತಿ ಬರಬಲ್ಲವರ ಮಾತು ಬೇರೆ.

ಅವಳು ಅಷ್ಟಕ್ಕೇ ಬಿಡುವವಳಲ್ಲ. "ನಮ್ಮ ಒಕ್ಕದ ಹುಡುಗನೇ ಬೇರೆ ಒಕ್ಕದ ಹುಡುಗನ್ನ ಕರ್ಕೊಂಡು ಐನ್‌ಮನೆಗೆ ಬಂದ್ರೆ?"

"ಪ್ಲೇ ಆನ್, ಪ್ಲೇ ಆನ್" ಎಂದು ಕರ್ನಲ್ ಎದ್ದರು.

ಅವಳು ಗಾಳಿಯಲ್ಲಿ ಎರಡೂ ಕೈಯಿಂದ ಚೌಕ ಬರೆದು ವಿಡಿಯೋ ರೆಫರಲ್ ಕೇಳಿದಳು. ವಿಡಿಯೋ ಅಂಪೈರ್ ಅಡುಗೆಮನೆಯಲ್ಲಿದ್ದರು. ಬಹಳ ಹೊತ್ತು ಪಾತ್ರೆಯ ಸದ್ದು ಮಾತ್ರ. ಆಮೇಲೆ ದನಿ ಬಂತು: "ನೋ ಅಡ್ವೈಸ್ ಪಾಸಿಬಲ್."

"ಹಾಗಾದ್ರೆ ರೂಲ್ ಪ್ರಕಾರ ರೆಫರಲ್ ನನ್ನ ಹತ್ರಾನೇ ಉಳೀತು. ಮುಂದಿನ ಸಲ ಬಂದಾಗ ಮತ್ತೆ ಕೇಳ್ತೀನಿ."

ನಿಯಮ ಎಂದಮೇಲೆ ಕರ್ನಲ್ ಎದುರಾಡುವಂತಿಲ್ಲ. "ಬರುವಾಗ ಇದರ ಮುಂದಿನ ಭಾಗ 'ದಿ ಲಾಂಗ್ ಗೇಮ್' ಇದೆಯಂತಲ್ಲ, ಅದನ್ನೂ ತಾ" ಎಂದರು. "ಮಾಂಟ್ರಿಯಲ್ ಸೋಲುತ್ತಾ ನೋಡ್ಬೇಕು. ಹಾಲಂಡನ ಹುಡುಗ ಮಾತ್ರ ಗೆಲ್ಲಲಿ."