ಡಿಕ್ಕಿಯೊಳಗಿನ ಹಲಸು

ರಾಣಾ ಪ್ರತಾಪನ ಕುದುರೆಯ ಹೆಸರು ಹೊತ್ತು 1972ರಲ್ಲಿ ರಸ್ತೆಗಿಳಿದ ಬಜಾಜ್ ಚೇತಕ್‌ಗೆ ಎಂಜಿನ್ ಇರುವುದು ಬಲಪಕ್ಕೆಯಲ್ಲಿ, ಡಿಕ್ಕಿ ಎಡಪಕ್ಕೆಯ ಉಬ್ಬಿನೊಳಗೆ. ಅಪ್ಪನ ಕಾಲದಿಂದ ಮನೆಯಲ್ಲಿರುವ ನಮ್ಮ ಚೇತಕ್‌ನ ಡಿಕ್ಕಿಯಲ್ಲಿ ಪ್ಲಗ್ ಪಾನಾ, ಹತ್ತು-ಹನ್ನೊಂದರ ಪಾನಾ, ಕಟಿಂಗ್ ಪ್ಲೇಯರ್, ಒಂದು ಹಳೇ ಕ್ಲಚ್ ಕೇಬಲ್ಲು ಎಲ್ಲವೂ ಅವಿಭಕ್ತ ಕುಟುಂಬದಂತೆ ಬಾಳಿಕೊಂಡು, ಹಂಪ್ ಬಂದಾಗಲೆಲ್ಲ ಜಗಳಕ್ಕೆ ಬೀಳುತ್ತಿದ್ದವು. ನಾನು ಬರುವ ಸುದ್ದಿ ನನಗಿಂತ ಮುಂಚೆ ಬೀದಿ ಮುಟ್ಟುತ್ತಿತ್ತು. ಇವಕ್ಕೊಂದು ಮರದ ಪೆಟ್ಟಿಗೆ ಮಾಡಬೇಕು, ಅದೂ ಕೈಯಾರೆ, ಎಂದು ಹೊರಟೆ. ಬಲಗಡೆಯ ಎಂಜಿನ್ ಭಾರವನ್ನು ಎಡಗಡೆಯ ಪೆಟ್ಟಿಗೆ ಸರಿದೂಗಿಸುತ್ತದೆ ಎಂಬ ವಾದವನ್ನೂ ಮನೆಯಲ್ಲಿ ಮಂಡಿಸಿದೆ. "ಇಷ್ಟು ದಿನ ನನ್ನ ತರಕಾರಿ ಚೀಲ ಸರಿದೂಗಿಸ್ತಿತ್ತಲ್ಲ, ಅದನ್ನ ಎಲ್ಲಿಡ್ತೀರಿ?" ಎಂದಳು ಹೆಂಡತಿ.

ಡಿಕ್ಕಿಯ ಅಳತೆ ತೆಗೆಯುವುದೆಂದರೆ ಟೇಪು ಹಿಡಿದವನ ಅಹಂಕಾರ ಇಳಿಸುವ ಕೆಲಸ. ನೆಟ್ಟಗಿರುವ ಗೆರೆ ಒಂದೂ ಇಲ್ಲ. ಹೊರಗೋಡೆ ಉಬ್ಬು, ತಳ ಓರೆ, ಬಾಯಿ ಹೊಟ್ಟೆಗಿಂತ ಕಿರಿದು. ಒಳಗೆ ಹೊಂದುವ ಪೆಟ್ಟಿಗೆ ಬಾಯಲ್ಲಿ ತೂರದು. ಬಾಯಲ್ಲಿ ತೂರುವುದು ಒಳಗೆ ಹೋಗಿ ಪಾನಾಗಳ ಜೊತೆ ತಾನೂ ಕುಣಿಯುತ್ತದೆ. ಅದಕ್ಕೇ ಎರಡು ತುಂಡಾಗಿ ಮಾಡಿ, ಒಂದಾದ ಮೇಲೊಂದು ಇಳಿಸಿ, ನಡುವೆ ಬೆಣೆ ಹೊಡೆಯುವುದೆಂದು ತೀರ್ಮಾನಿಸಿದೆ. ಉಬ್ಬಿನ ಅಚ್ಚು ತೆಗೆಯಲು ಗಟ್ಟಿ ಕಾಗದ ಬೇಕು. ಲಗ್ನಪತ್ರಿಕೆಗಳಿಗೆ ಯಾರ ಮನೆಯಲ್ಲಿ ಬರ? ಡಿಕ್ಕಿಯ ಬಾಗು ಸಿಗುವವರೆಗೂ ಒಂದನ್ನು ಕತ್ತರಿಸುತ್ತ ಹೋದೆ. ವರನ ಕಡೆಯವರೆಲ್ಲ ಕತ್ತರಿ ಪಾಲಾಗಿ, ವಧುವಿನ ಹೆಸರೂ 'ಆಶೀರ್ವಾದವೇ ಉಡುಗೊರೆ' ಎಂಬ ಸಾಲೂ ಉಳಿದಾಗ ಅಚ್ಚು ಸರಿಯಾಗಿ ಕೂತಿತು.

ಮರ ಹಲಸಿನದು, ಅಟ್ಟದ ಮೇಲಿದ್ದ ಹಲಗೆ. ಮೇಲಿನ ಕಪ್ಪು ತೋಪಡಕ್ಕೆ ಸಿಕ್ಕಿ ಸುರುಳಿ ಸುರುಳಿಯಾಗಿ ಉದುರಿ, ಒಳಗಿನ ಅರಿಸಿನ ಬಣ್ಣ ಇಣುಕಿತು. ತೋಪಡ, ಉಳಿ ಎರವಲು ಕೊಟ್ಟಿದ್ದ ಪಕ್ಕದ ಬೀದಿಯ ಆಚಾರ್ರು ಹಲಗೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ, ಕಿವಿಗೊಟ್ಟು, "ವೀಣೆಗೆ ಹಾಕೋ ಮರ ಸ್ವಾಮಿ. ಇದ್ರಲ್ಲಿ ಪಾನಾ ಇಡ್ತೀರಾ?" ಎಂದರು. ವೀಣೆಯ ಕೊಡಕ್ಕೆ ಹಲಸು ಹೇಳಿ ಮಾಡಿಸಿದ ಮರ, ನಿಜ. ಆದರೆ ನಮ್ಮ ಮನೆಯಲ್ಲಿ ವೀಣೆ ನುಡಿಸುವವರಿಲ್ಲ, ಸ್ಕೂಟರ್ ಒದೆಯುವವನಿದ್ದಾನೆ. ಮೊಳೆ ಹೊಡೆಯದೆ ಮೂಲೆಗಳನ್ನು ಕಚ್ಚು ಹಾಕಿ ಕೂಡಿಸಿ, ಫೆವಿಕಾಲ್ ಬಳಿದು, ಒಳಗೆ ಹಳೇ ಕಂಬಳಿ ಹಾಸಿದೆ.

ಬೆಣೆ ಬಿಗಿಯಾಗಿ ಕೂತಿತು. ಕಿಕ್ ಹೊಡೆದು ಹೊರಟರೆ ಡಿಕ್ಕಿಯಿಂದ ಚಕಾರವಿಲ್ಲ. ಆಗ ಮೊದಲ ಬಾರಿಗೆ ಮಡ್‌ಗಾರ್ಡ್ ಕೇಳಿಸಿತು. ಆಮೇಲೆ ನಂಬರ್ ಪ್ಲೇಟು. ಅದರ ಹಿಂದೆಯೇ ಸ್ಟೆಪ್ನಿಯ ನಟ್ಟು, ಸ್ಟ್ಯಾಂಡಿನ ಸ್ಪ್ರಿಂಗು, ಸೀಟಿನ ಕೆಳಗೆಲ್ಲೋ ಒಂದು ಗೊರಗೊರ. ಗಾಬರಿಬಿದ್ದು ಮೆಕ್ಯಾನಿಕ್ ಹತ್ತಿರ ಓಡಿದೆ. ಅವನು ಒಂದು ರೌಂಡು ಹೋಗಿಬಂದು, "ಇವೆಲ್ಲ ಮೊದ್ಲಿಂದ್ಲೂ ಇದ್ವು ಸಾರ್. ಪಾನಾಗಳ ಗಲಾಟೇಲಿ ನಿಮಗೆ ಕೇಳಿಸ್ತಿರ್ಲಿಲ್ಲ," ಎಂದ. ಡಿಕ್ಕಿ ತೆಗೆದ. ಪೆಟ್ಟಿಗೆಯ ಮೇಲೆ ಕೈಯಾಡಿಸಿದ. ಸ್ಕೂಟರನ್ನು ಮೇಲಿಂದ ಕೆಳಗೆ ನೋಡಿದ.

"ಮರ ಇನ್ನೂ ಉಳಿದಿದ್ಯಾ ಸಾರ್?"