ವಸ್ತ್ರಕ್ಷಾಲನ ಯಂತ್ರದ ದೇಶಾಂತರಗಮನ: ಒಂದು ಮೀಮಾಂಸೆ

ಚಳ್ಳಕೆರೆ ಮತ್ತು ಮೊಳಕಾಲ್ಮೂರು ಸೀಮೆಯ ಬಚ್ಚಲುಮನೆಗಳಲ್ಲಿ ಬಹುಕಾಲ ಸೇವೆ ಸಲ್ಲಿಸಿ ವಾರ್ಧಕ್ಯವನ್ನೈದಿದ ವಸ್ತ್ರಕ್ಷಾಲನ ಯಂತ್ರಗಳು, ಬಟ್ಟೆ ಹಿಂಡುವ ಪರ್ವಕಾಲದಲ್ಲಿ ಭೂಕಂಪಸದೃಶವಾದ ನಡುಕಕ್ಕೆ ಒಳಗಾಗಿ, ಸ್ವಸ್ಥಾನವನ್ನು ಪರಿತ್ಯಜಿಸಿ, ಪ್ಲಗ್ಗಿನ ವಯರು ಎಷ್ಟು ದೂರಕ್ಕೆ ಸಮ್ಮತಿಸುವುದೋ ಅಷ್ಟು ದೂರ ನಡೆದುಬಂದು ಬಾಗಿಲಿಗೆ ಅಡ್ಡಲಾಗಿ ನಿಲ್ಲುವುದು ಸರ್ವವಿದಿತವಾದ ಸಂಗತಿ. ಈ ವಿದ್ಯಮಾನವನ್ನು ಕುರಿತ ಚರ್ಚೆಯೆಲ್ಲವೂ ಇದುವರೆಗೆ ‘ಮಿಷನ್ ಕುಣೀತೈತೆ’ ಎಂಬ ಗ್ರಾಮ್ಯೋಕ್ತಿಯನ್ನು ದಾಟಿಲ್ಲವೆಂಬುದನ್ನು ಕಂಡು ವ್ಯಾಕುಲಗೊಂಡ ಪ್ರಬಂಧಕಾರನು, ಕಾಲೇಜೊಂದರ ವಿಚಾರಸಂಕಿರಣದಲ್ಲಿ ‘ಪರಿಪ್ರೇಕ್ಷ್ಯ’, ‘ಅನುಸಂಧಾನ’, ‘ಸಂಕಥನ’ ಎಂಬ ಪದತ್ರಯವನ್ನು ಊಟದ ಗಂಟೆಯವರೆಗೂ ಆಲಿಸಿ ಗಳಿಸಿಕೊಂಡ ಪಾಂಡಿತ್ಯವನ್ನು ಲೋಕೋಪಕಾರಾರ್ಥವಾಗಿ ಇಲ್ಲಿ ವಿನಿಯೋಗಿಸಲು ಉದ್ಯುಕ್ತನಾಗಿದ್ದಾನೆ.

ಮೊದಲು ಪ್ರಾಚೀನತೆಯ ಪ್ರಶ್ನೆ. ಅದಿಲ್ಲದೆ ನಮ್ಮಲ್ಲಿ ಯಾವ ಪ್ರಬಂಧಕ್ಕೂ ಜಾತಕರ್ಮವಾಗುವಂತಿಲ್ಲ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ 1892ರಲ್ಲಿ ಬಿ. ಎಲ್. ರೈಸರು ಬೆಳಕಿಗೆ ತಂದ ಅಶೋಕನ ಶಾಸನಗಳಲ್ಲಿ ತಾಯಿತಂದೆಗಳ ಮಾತನ್ನು ಕೇಳಬೇಕೆಂದೂ, ಪ್ರಾಣಿಗಳಲ್ಲಿ ದಯೆಯಿರಬೇಕೆಂದೂ, ಸತ್ಯವನ್ನಾಡಬೇಕೆಂದೂ ಬೋಧೆಯಿದೆಯೇ ಹೊರತು ಯಂತ್ರವನ್ನು ಸಮತಲದಲ್ಲಿ ನಿಲ್ಲಿಸಬೇಕೆಂಬ ರಾಜಾಜ್ಞೆ ಎಲ್ಲಿಯೂ ಕಾಣದು. 1947ರಲ್ಲಿ ಮಾರ್ಟಿಮರ್ ವೀಲರ್ ಬ್ರಹ್ಮಗಿರಿಯಲ್ಲಿ ನಡೆಸಿದ ಉತ್ಖನನದಲ್ಲಿ ಬೃಹತ್ ಶಿಲಾಸಮಾಧಿಗಳು ದೊರೆತವು; ಸ್ಪಿನ್ ಟಬ್ಬು ದೊರೆಯಲಿಲ್ಲ. ಈ ಎರಡು ಅಭಾವಗಳನ್ನು ಜೊತೆಗಿಟ್ಟು ನೋಡಿದರೆ ಪ್ರಕೃತ ಯಂತ್ರವು ಮೌರ್ಯೋತ್ತರ ಕಾಲದ್ದೆಂಬುದು ನಿಸ್ಸಂದಿಗ್ಧವಾಗಿ ಸಿದ್ಧಿಸುತ್ತದೆ. ಇದಕ್ಕಿಂತ ದುರ್ಬಲವಾದ ಆಧಾರದ ಮೇಲೆ ಡಾಕ್ಟರೇಟು ಪಡೆದವರುಂಟು. ಅದಿರಲಿ, ಬ್ರಹ್ಮಗಿರಿಯ ಬ್ರಾಹ್ಮೀ ಬರಹವನ್ನು ಬರೆದ ಚಪಡನೆಂಬಾತನು ಕೊನೆಯಲ್ಲಿ ತನ್ನ ಹೆಸರನ್ನು ಹೇಳಿ, ಲಿಪಿಕಾರನೆಂಬ ತನ್ನ ಕಸುಬನ್ನು ಮಾತ್ರ ಖರೋಷ್ಠಿಯಲ್ಲಿ ಕಾಣಿಸಿ ಹೋಗಿದ್ದಾನೆ. ಚಕ್ರವರ್ತಿಯ ಮಾತಿನ ಕೆಳಗೆ, ಕೈಯಾರೆ ಕೆಲಸಮಾಡಿದವನ ಹೆಸರೂ ನಿಂತಿರುವುದು ನಮ್ಮ ನಾಡಿನಲ್ಲಿ ಪದೇ ಪದೇ ಕಾಣುವ ಸಂಗತಿಯಲ್ಲ.

ಇನ್ನು ವರ್ಗೀಕರಣ. ಕಂಪನವು ಸಪ್ತವಿಧ. ಪ್ರಥಮವಾದ ಉಪಕ್ರಮಕಂಪನವು ಟಬ್ಬು ತಿರುಗತೊಡಗಿದ ಕೆಲವು ಕ್ಷಣಗಳಲ್ಲಿ ಸಂಭವಿಸುವಂಥದು. ತಿರುಗುವ ವೇಗವು ಸ್ಪ್ರಿಂಗುಗಳ ಸಹಜವಾದ ತೂಗಾಟದ ಗತಿಗೆ ಸರಿಸಮನಾದಾಗ ನಡುಕವು ಪರಾಕಾಷ್ಠೆಗೇರಿ, ಆ ಗಡಿಯನ್ನು ದಾಟಿದೊಡನೆ ತಾನಾಗಿ ಶಮನಗೊಳ್ಳುತ್ತದೆ. ದಾಟಿದ ಮೇಲೆ ಏಕೆ ಶಾಂತವಾಗುವುದೆಂಬುದನ್ನು ಐರ್ಲೆಂಡಿನ ಜೆಫ್‌ಕಾಟ್ 1919ರಲ್ಲಿಯೇ ಗಣಿತದಿಂದ ತೋರಿಸಿಕೊಟ್ಟನು. ದ್ವಿತೀಯವಾದ ವೈಷಮ್ಯಕಂಪನಕ್ಕೆ ಒದ್ದೆಯ ಭಾರವೆಲ್ಲ ಒಂದೇ ಮಗ್ಗುಲಿಗೆ ಸೇರಿಕೊಳ್ಳುವುದೇ ಕಾರಣ. ನಡುವಿನಿಂದ ಹನ್ನೆರಡು ಸೆಂಟಿಮೀಟರ್ ದೂರದಲ್ಲಿ ಇನ್ನೂರು ಗ್ರಾಮಿನ ಒಂದು ಮುದ್ದೆ ಹೆಚ್ಚಾಗಿದ್ದು, ಟಬ್ಬು ನಿಮಿಷಕ್ಕೆ 1,350 ಸುತ್ತು ತಿರುಗಿತೆಂದರೆ, ಆ ಮುದ್ದೆ ಸುಮಾರು ಐವತ್ತು ಕಿಲೋ ತೂಕದ ಬಲದಿಂದ ಯಂತ್ರವನ್ನು ಸೆಕೆಂಡಿಗೆ ಇಪ್ಪತ್ತೆರಡೂವರೆ ಸಲ ದಿಕ್ಕುದಿಕ್ಕಿಗೆ ಜಗ್ಗುತ್ತದೆ. ವೇಗ ಇಮ್ಮಡಿಸಿದರೆ ಈ ಜಗ್ಗಾಟ ನಾಲ್ವಡಿ. ತೃತೀಯವು ಜರಾಕಂಪನ, ಸ್ಪ್ರಿಂಗು ಸೋತು ರಬ್ಬರು ಸವೆದುದರಿಂದ ಹುಟ್ಟುವಂಥದು. ಚತುರ್ಥವೂ ಪಂಚಮವೂ ತೃತೀಯದಲ್ಲಿಯೇ ಅಂತರ್ಗತವಾಗಿವೆ. ಉಳಿದೆರಡನ್ನು ಏಳು ಎಂಬ ಸಂಖ್ಯೆಯ ಗಾಂಭೀರ್ಯಕ್ಕಾಗಿ ಸೇರಿಸಲಾಗಿದೆ.

ಕಾರಣವು ಹೀಗೆ ಕರತಲಾಮಲಕವಾಗಿರುವಾಗ ಪಂಡಿತರಲ್ಲಿ ಭಿನ್ನಮತವೇಕೆ? ಇವರಲ್ಲಿ ವಸ್ತ್ರದೋಷವಾದಿಗಳು, ಆಯುರ್ದೋಷವಾದಿಗಳು ಎಂದು ಎರಡು ಪಂಥ. ಕಂಪನಿಯೊಂದರ ಪ್ರತಿನಿಧಿಯಾಗಿ, ಕುತ್ತಿಗೆಗೆ ಪಟ್ಟಿ ತೂಗಿಸಿಕೊಂಡು ಬಂದ ತರುಣನು ಮೊದಲನೆಯ ಪಂಥಕ್ಕೆ ಸೇರಿದವನು. ಯಂತ್ರದ ಮುಚ್ಚಳವನ್ನೂ ತೆರೆಯದೆ, ‘ಏನು ಹಾಕಿದ್ರಿ ಮೇಡಂ? ಓವರ್‌ಲೋಡ್ ಮಾಡಿರ್ತೀರಿ’ ಎಂದು ಮನೆಯಾಕೆಯನ್ನು ಅಪರಾಧಿಯ ಸ್ಥಾನದಲ್ಲಿ ನಿಲ್ಲಿಸಿ, ಆಕೆ ಅಂಜುತ್ತಾ ‘ಒಂದು ಕಂಬಳಿ’ ಎಂದೊಡನೆ ಪ್ರಮಾಣ ಸಿಕ್ಕಿತೆಂದು ಬೀಗಿದನು. ಅನಂತರ ನಿರಾಯಾಸವಾಗಿ ಎರಡನೆಯ ಪಂಥಕ್ಕೆ ಮತಾಂತರಗೊಂಡು, ‘ಈ ಮಾಡೆಲ್ ನಿಂತುಹೋಗಿದೆ, ಪಾರ್ಟ್ ಬರಲ್ಲ, ಎಕ್ಸ್‌ಚೇಂಜ್ ಮಾಡಿಬಿಡಿ’ ಎಂದು ಉಪಸಂಹರಿಸಿದನು. ಕೇಂದ್ರ ಸರ್ಕಾರವು ದುರಸ್ತಿಯ ಹಕ್ಕಿಗಾಗಿ 2022ರಲ್ಲಿ ಜಾಲತಾಣವೊಂದನ್ನೇ ತೆರೆದಿದೆ. ಅದರಿಂದ ಚಳ್ಳಕೆರೆಯ ಬಚ್ಚಲಿಗೆ ಒಂದು ಸ್ಪ್ರಿಂಗು ಇಳಿದುಬಂದುದನ್ನು ಮಾತ್ರ ಪ್ರಬಂಧಕಾರನು ಕಾಣಲಿಲ್ಲ.

ಇಲ್ಲಿ ಶೈಲಿ ಕೆಡುತ್ತದೆ, ಕೆಡಲಿ. ಕಂಬಳಿಯನ್ನು ಅಪರಾಧಿಯೆನ್ನಲು ಇವರಿಗೆ ನಾಲಗೆ ಹೇಗೆ ಬರುತ್ತದೆ? ಈ ಸೀಮೆಗೆ ಹೆಸರು ತಂದದ್ದು ಎಣ್ಣೆಗಿರಣಿ, ಕಂಬಳಿ ಮತ್ತು ಮೊಳಕಾಲ್ಮೂರಿನ ರೇಷ್ಮೆ ಸೀರೆ. ಕುರಿ ಮೇದ ಅಮೃತಮಹಲ್ ಕಾವಲಿನ ಸಾವಿರಾರು ಎಕರೆಗಳನ್ನು ವಿಜ್ಞಾನದ ಹೆಸರಿನಲ್ಲಿ ಹಂಚಿ, ಗೋಡೆ ಕಟ್ಟಿ, ಕುರಿಗಾಹಿಯನ್ನು ಆಚೆಗೆ ನಿಲ್ಲಿಸಿದ್ದಾಯಿತು. 2024ರ ಮಾರ್ಚ್ 22ರಂದು ಆ ಗೋಡೆಯೊಳಗಿನ ರನ್‌ವೇ ಮೇಲೆ ಇಸ್ರೋದ ‘ಪುಷ್ಪಕ್’ ಎಂಬ ಪ್ರಾಯೋಗಿಕ ನೌಕೆಯು, ಹೆಲಿಕಾಪ್ಟರಿನಿಂದ ನಾಲ್ಕೂವರೆ ಕಿಲೋಮೀಟರ್ ಎತ್ತರದಲ್ಲಿ ಬಿಡಲ್ಪಟ್ಟು, ಪೈಲಟ್ಟೇ ಇಲ್ಲದೆ, ಅಲುಗದೆ ಗೆರೆ ತಪ್ಪದೆ ಬಂದಿಳಿಯಿತು. ಅದು ಹೆಮ್ಮೆಯ ಸಂಗತಿಯೇ. ಪ್ರಬಂಧಕಾರನೂ ಚಪ್ಪಾಳೆ ತಟ್ಟಿದ್ದಾನೆ. ಆದರೆ ನಲ್ಲಿಯಲ್ಲಿ ನೀರು ಬರುವ ದಿನವನ್ನು ಕಾದು, ಡ್ರಮ್ಮು ಕೊಡಗಳನ್ನು ತುಂಬಿಸಿಟ್ಟುಕೊಂಡು, ಕರೆಂಟಿರುವ ಹೊತ್ತಿನಲ್ಲಿ ಮನೆಮಂದಿಯ ಬಟ್ಟೆಯನ್ನೆಲ್ಲ ಒಗೆದು ಮುಗಿಸಬೇಕಾದ ಹೆಂಗಸು, ನಡುಗುವ ಯಂತ್ರದ ನೆತ್ತಿಯ ಮೇಲೆ ಎರಡೂ ಕೈಯೂರಿ ಅದನ್ನು ಅದುಮಿ ಹಿಡಿದು ನಿಲ್ಲುವುದನ್ನು ಯಾವ ಸಂಕಿರಣದ ಯಾವ ಪರಿಪ್ರೇಕ್ಷ್ಯವೂ ಈವರೆಗೆ ಕಂಡಿಲ್ಲ. ಒಗೆಯುವುದು ಆಕೆಯ ಕೆಲಸ, ಅಲುಗಿದರೆ ತಪ್ಪೂ ಆಕೆಯದೇ.

ಕಂಪನಿಯ ತರುಣನು ಹೋದ ಮೇಲೆ ಪೇಟೆಯ ಮಿಕ್ಸಿ ರಿಪೇರಿ ಅಂಗಡಿಯ ಹುಡುಗನೊಬ್ಬನು ಬಂದನು. ಅಜ್ಜಿಯೊಡನೆ ತೆಲುಗಿನಲ್ಲಿ, ಮನೆಯಾಕೆಯೊಡನೆ ಕನ್ನಡದಲ್ಲಿ ಮಾತನಾಡುತ್ತಾ, ಯಂತ್ರದ ತಲೆಯ ಮೇಲೆ ನೀರು ತುಂಬಿದ ಊಟದ ತಟ್ಟೆಯೊಂದನ್ನಿಟ್ಟು, ನೀರು ಯಾವ ಅಂಚಿಗೆ ಸರಿಯುವುದೆಂದು ನೋಡಿ, ಬಳಿಕ ನೆಲಕ್ಕೆ ಕೆನ್ನೆ ತಾಗುವಂತೆ ಮಲಗಿ ಅಡಿಯನ್ನು ಪರೀಕ್ಷಿಸಿದನು. ‘ಅಕ್ಕಾ, ನೆಲ ವಾಟ ಐತೆ. ನೀರು ಹೋಗಾಕೆ ಗಾರೆಯೋರು ಸರಿಯಾಗೇ ಕೊಟ್ಟವ್ರೆ, ಮಿಷನ್ ಅದರ ಮ್ಯಾಲೆ ನಿಲ್ಲಿಸಬಾರದು ಅಷ್ಟೆ. ಒಳಗೆ ಒಂದು ಸ್ಪ್ರಿಂಗು ಮುರಿದೈತೆ, ಒಂದು ಕಾಲಿನ ರಬ್ಬರು ಇಲ್ಲ.’ ಸಪ್ತವಿಧ ಕಂಪನವೆಲ್ಲವೂ ಈ ಮೂರು ವಾಕ್ಯಗಳಲ್ಲಿ ಅಡಗಿಹೋಯಿತು. ಒಂದನ್ನೇ ಬದಲಿಸಿದರೆ ಹಳೆಯ ಎರಡು ಹೊಸದರೊಡನೆ ಹೊಂದಲಾರವೆಂದು, ಬಾರದೆಂದಿದ್ದ ಸ್ಪ್ರಿಂಗುಗಳಲ್ಲಿ ಮೂರನ್ನು ಗುಜರಿಗೆ ಬಂದಿದ್ದ ಅದೇ ಮಾಡೆಲ್ಲಿನ ಇನ್ನೊಂದು ಯಂತ್ರದಿಂದ ಬಿಚ್ಚಿ ತಂದು ಕೂರಿಸಿದನು. ವಾಟವಿಲ್ಲದ ಮೂಲೆಯಲ್ಲಿ ಕಡಪ ಕಲ್ಲಿನ ತುಂಡೊಂದನ್ನು ಹಾಸಿ, ಅದರ ಮೇಲೆ ಯಂತ್ರವನ್ನು ನಿಲ್ಲಿಸಿ, ಕರ್ಣದಿಂದ ಕರ್ಣಕ್ಕೆ ಅದುಮಿ ನೋಡಿದನು. ಖರ್ಚು ಹೊಸ ಯಂತ್ರದ ಬೆಲೆಯ ಹತ್ತನೆಯ ಒಂದು ಪಾಲೂ ಆಗಲಿಲ್ಲ.

ಹಣವನ್ನು ಎಣಿಸಿ ಜೇಬಿಗಿಡುತ್ತಾ, ‘ಕಂಬಳಿ ಮಾತ್ರ ಸ್ಪಿನ್ನಿಗೆ ಹಾಕಬ್ಯಾಡ್ರಿ ಅಕ್ಕಾ, ನೀರೆಲ್ಲ ಒಂದೇ ಕಡೆ ಕುಡಕೊಂಡು ಕುಂತುಬಿಡ್ತೈತೆ, ನಮ್ಮೂರ ಬಿಸಿಲಿಗೆ ಕಾಂಪೌಂಡ್ ಮ್ಯಾಲೆ ಹಾಕಿದ್ರೂ ಒಣಗ್ತೈತೆ’ ಎಂದನು. ವಸ್ತ್ರದೋಷವಾದಿಗಳ ಮತವೂ ಇದೇ ಅಲ್ಲವೇ ಎಂದು ಆಕ್ಷೇಪಿಸುವವರುಂಟು. ಅಹುದು, ಇವನು ಅದನ್ನು ಹೇಳಿದ್ದು ಸ್ಪ್ರಿಂಗು ಕೂರಿಸಿದ ಮೇಲೆ.